ಬೆಳೆಯ ವಿಷಕ್ಕೆ ಕನ್ನಡ ಉಂಟು, ಮನುಷ್ಯರ ಮದ್ದಿಗೆ ಕನ್ನಡ ಇಲ್ಲ!



ಹುನಗುಂದದ ಪೇಟೆಗೆ ಹೋಗಿ. ಯಾವುದಾದರೂ ಬೀಜ-ಗೊಬ್ಬರದ ಅಂಗಡಿ ಹತ್ತಿ, ನಮ್ಮ ರೈತರು ‘ಎಣ್ಣಿ’ ಎಂದು ಕರೆಯುವ ಕೀಟನಾಶಕದ ಒಂದು ಡಬ್ಬಿ ಕೇಳಿ. ಅದರ ಜೊತೆಗೆ ಮಡಿಚಿಟ್ಟ ಚೀಟಿಗೆ ಒಂದು ಕಾನೂನಿದೆ. 1971ರ ಕೀಟನಾಶಕ ನಿಯಮಾವಳಿಯ ಪ್ರಕಾರ ಆ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಮಾಲು ಮಾರಾಟವಾಗುವ ಸೀಮೆಯ ಒಂದೆರಡು ಭಾಷೆಗಳಲ್ಲಿ ಇರಲೇಬೇಕು. ವಿಷ ಮೈಗೇರಿದರೆ ಏನೇನು ಲಕ್ಷಣ ಕಾಣುತ್ತವೆ, ತಕ್ಷಣ ಏನು ಮಾಡಬೇಕು ಎಂಬುದು ಅದರಲ್ಲಿ ಇರಬೇಕು. ಓದು ಬಾರದವರಿಗಾಗಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಬೇರೆ.

ಈಗ ಅದೇ ಸಾಲಿನ ಔಷಧ ಅಂಗಡಿಗೆ ಬನ್ನಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಡಬ್ಬಿ ಕೇಳಿ. ಅದರೊಳಗೂ ಒಂದು ಚೀಟಿ ಇದೆ. ಹಾಸಿದರೆ ಮೊಳದುದ್ದ, ಅಕ್ಷರ ಮಾತ್ರ ಇರುವೆಯ ಕಾಲಿನಷ್ಟು. ಅಷ್ಟೂ ಇಂಗ್ಲಿಷ್! ಈ ಚೀಟಿ ಕನ್ನಡದಲ್ಲಿರಬೇಕೆಂದು ಕಟ್ಟಪ್ಪಣೆ ಮಾಡುವ ಒಂದೇ ಒಂದು ಸಾಲು 1945ರ ಔಷಧ ನಿಯಮಾವಳಿಯಲ್ಲಿ ಇಲ್ಲ.

ಹತ್ತಿಯ ಹುಳುವಿಗೆ ಹಾಕುವ ವಿಷಕ್ಕೆ ಕನ್ನಡ ಬೇಕು. ಅವ್ವನ ಹೊಟ್ಟೆಗೆ ಚುಚ್ಚುವ ಮದ್ದಿಗೆ ಕನ್ನಡ ಬೇಡ. ಇದೆಂಥ ನ್ಯಾಯ ಸ್ವಾಮೀ? ಹುಳು ಸಾಯಿಸುವವನಿಗೆ ತಿಳಿವಳಿಕೆ ಕೊಡಬೇಕು, ಜೀವ ಉಳಿಸಿಕೊಳ್ಳುವವನಿಗೆ ಕೊಡಬಾರದು ಎಂದು ಯಾವ ಧರ್ಮಶಾಸ್ತ್ರ ಹೇಳಿದೆ?

ಸೂಜಿಯಲ್ಲಿ ಬರುವ ಹೊಸ ಕಾಲ

ಇದನ್ನು ಈಗಲೇ ಏಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ‘ಪೆಪ್ಟೈಡ್’ ಎಂಬ ಜಾತಿಯ ಮದ್ದುಗಳ ಸುಗ್ಗಿ ಈಗ ನಮ್ಮ ಬಾಗಿಲಿಗೆ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಕೇಳಿ ಹೆದರಬೇಡಿ. ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಗಿಡ್ಡ ಸರವೇ ಪೆಪ್ಟೈಡ್. ಸರ ಉದ್ದವಾದರೆ ಅದು ಪ್ರೋಟೀನು. ನುಂಗಿದರೆ ಹೊಟ್ಟೆ ಅದನ್ನು ಬೇಳೆ ಅರಗಿಸಿದಂತೆ ಅರಗಿಸಿಬಿಡುತ್ತದೆ. ಆದ್ದರಿಂದ ಬಹಳಷ್ಟನ್ನು ಸೂಜಿಯಲ್ಲೇ ಕೊಡಬೇಕು.

ನಮಗೆ ಇದು ಹೊಸದೇನೂ ಅಲ್ಲ. ಹೆರಿಗೆಯಲ್ಲಿ ಕೊಡುವ, ಕೆಲವರು ಎಮ್ಮೆಗೆ ಹಾಲಿಳಿಸಲು ಕದ್ದು ಚುಚ್ಚುವ ಆಕ್ಸಿಟೋಸಿನ್ 9 ಮಣಿಯ ಸರ. ಇನ್ಸುಲಿನ್ 51 ಮಣಿಯದು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಚುಚ್ಚಿದರು. ಅಂದಿನಿಂದ ಕೋಟಿಗಟ್ಟಲೆ ಜೀವ ಉಳಿಸಿದ ಮದ್ದು ಅದು. 2004ರಿಂದ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ಇನ್ಸುಲಿನ್ ಮಾರುಕಟ್ಟೆಗೆ ಬಿಡುತ್ತಿದೆ. ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಹೇಳಿತು. ಇಳಕಲ್ಲಿನ ಮಗ್ಗದ ಗುಂಡಿಯಲ್ಲಿ ದಿನವಿಡೀ ಕೂತು ಸೀರೆ ನೇಯುವವರ ಮನೆಯಲ್ಲೂ, ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವವರ ಮನೆಯಲ್ಲೂ ಇವತ್ತು ‘ಶುಗರ್’ ಉಂಟು.

ಇನ್ಸುಲಿನ್ನಿನ ಹಿಂದೆ ಹೊಸ ದಂಡೇ ಬಂದಿದೆ. ಸಕ್ಕರೆ ಇಳಿಸುವ, ಮೈ ಕರಗಿಸುವ ಸೆಮಾಗ್ಲುಟೈಡ್ 31 ಮಣಿಯ ಸರ. ಭಾರತಕ್ಕೆ ಮಾತ್ರೆಯಾಗಿ 2022ರಲ್ಲಿ, ವೆಗೋವಿ ಎಂಬ ಸೂಜಿಯಾಗಿ 2025ರ ಜೂನ್‌ನಲ್ಲಿ ಬಂತು. ಅದೇ ಕುಲದ ಟಿರ್ಜೆಪಟೈಡ್, ಮೌಂಜಾರೋ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಬಂತು. ವಾರಕ್ಕೊಂದು ಸೂಜಿ. ಆಗ ಅತಿ ಸಣ್ಣ ಪ್ರಮಾಣದ ಒಂದು ಸೀಸೆಗೆ 3,500 ರೂಪಾಯಿ! ಸೆಮಾಗ್ಲುಟೈಡ್ ಪೇಟೆಂಟಿಗೆ ಭಾರತದಲ್ಲಿ ಇದ್ದ ಗಡುವು 2026ರ ಮಾರ್ಚ್. ಪೇಟೆಂಟ್ ಮುಗಿದ ಮದ್ದನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಬೆಲೆ ಇಳಿಯುತ್ತದೆ, ಶಹರದ ಸಾಹುಕಾರರ ಸೂಜಿ ತಾಲೂಕು ಪೇಟೆಗೆ ಇಳಿಯುತ್ತದೆ. ಇಳಿಯಲಿ, ಸಂತೋಷ. ಆದರೆ ಯಾವ ಭಾಷೆಯಲ್ಲಿ ಇಳಿಯುತ್ತದೆ? ಅದು ಪ್ರಶ್ನೆ.

ಚೀಟಿಯಲ್ಲಿ ಅಡಗಿ ಕೂತ ಗಾಬರಿ

ಆ ಇರುವೆ-ಕಾಲಿನ ಅಕ್ಷರದ ಚೀಟಿಗಳಲ್ಲಿ ಒಂದು ಇಂಗ್ಲಿಷ್ ಶಬ್ದ ಮತ್ತೆ ಮತ್ತೆ ಬರುತ್ತದೆ: ‘ಆಂಗ್ಸೈಟಿ’. ಪಂಡಿತರು ಅದಕ್ಕೆ ಆತಂಕ ಎನ್ನುತ್ತಾರೆ. ನಮ್ಮ ಸೀಮೆಯ ತಾಯಂದಿರು ಎದೆಯ ಮೇಲೆ ಕೈಯಿಟ್ಟು ‘ಜೀವಕ್ಕ ಗಾಬರಿ ಆಗಾಕತ್ತೈತಿ’ ಎನ್ನುತ್ತಾರೆ. ಮನಸ್ಸಿನ ದುಗುಡಕ್ಕೂ ಗಾಬರಿ ಆಗುತ್ತದೆ, ಸಾಲಗಾರ ಬಾಗಿಲಿಗೆ ಬಂದರೂ ಆಗುತ್ತದೆ. ಮದ್ದಿನಿಂದಲೂ ಆಗುತ್ತದೆ ಎಂಬುದು ನಮ್ಮವರಿಗೆ ಯಾರೂ ಹೇಳದ ಮಾತು.

ಇನ್ಸುಲಿನ್ ಪ್ರಮಾಣ ಹೆಚ್ಚಾಯಿತು, ಅಥವಾ ಚುಚ್ಚಿಕೊಂಡವರು ಊಟ ಬಿಟ್ಟರು, ಅಥವಾ ಹೊಲದಲ್ಲಿ ಮೈಮುರಿದು ದುಡಿದರು ಎನ್ನಿ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದರೆ ದೇಹ ತನ್ನನ್ನು ತಾನು ಉಳಿಸಿಕೊಳ್ಳಲು ಅಡ್ರಿನಲಿನ್ ಎಂಬ ರಸ ಬಿಡುತ್ತದೆ. ಹುಲಿ ಕಂಡಾಗ ಬಿಡುವ ರಸವೂ ಅದೇ. ಎದೆ ಢವಢವ, ಕೈಕಾಲು ನಡುಕ, ತಣ್ಣನೆ ಬೆವರು, ತಡೆಯಲಾರದ ಹಸಿವು, ಕಾರಣವಿಲ್ಲದ ಗಾಬರಿ. ಇದು ಹೆದರಿಕೆಯ ರೋಗವಲ್ಲ, ದೇಹ ಬಾರಿಸುವ ಗಂಟೆ. ಗಂಟೆ ಕೇಳಿದವರು ಸಕ್ಕರೆ ತಿಂದರೆ ಬದುಕುತ್ತಾರೆ. ಕೇಳದಿದ್ದರೆ ಮುಂದೆ ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಫಿಟ್ಸ್ ಬರಬಹುದು, ಎಚ್ಚರ ತಪ್ಪುತ್ತದೆ, ಜೀವವೂ ಹೋಗಬಹುದು.

ಲ್ಯೂಪ್ರೊಲೈಡ್ ಎಂಬ 9 ಮಣಿಯ ಇನ್ನೊಂದು ಪೆಪ್ಟೈಡ್ ಇದೆ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ, ಹೆಂಗಸರ ಗರ್ಭಕೋಶದ ಗಡ್ಡೆಗೆ ಕೊಡುತ್ತಾರೆ. ಅದು ಲೈಂಗಿಕ ಹಾರ್ಮೋನುಗಳನ್ನೇ ಬತ್ತಿಸುವ ಮದ್ದು. ಮೈ ಕಾವೇರುವುದು, ನಿದ್ದೆಗೇಡು, ತಳಮಳ, ಮನಸ್ಸು ಕುಗ್ಗುವುದು ಅದರ ಅಡ್ಡ ಪರಿಣಾಮಗಳ ಪಟ್ಟಿಯಲ್ಲೇ ಇವೆ. ಇಂಗ್ಲಿಷ್ ಬಲ್ಲ ಹೆಂಗಸು ಅದನ್ನು ಓದಿ ‘ಇದು ಸೂಜಿಯ ಆಟ’ ಎಂದು ಡಾಕ್ಟರಿಗೆ ಹೇಳುತ್ತಾಳೆ. ಕನ್ನಡ ಮಾತ್ರ ಬಲ್ಲ ಹೆಂಗಸಿಗೆ ಮನೆಮಂದಿ ಏನನ್ನುತ್ತಾರೆ? ‘ಇಕಿಗೇನೋ ಹಿಡದೈತಿ’ ಎನ್ನುತ್ತಾರೆ. ಒಂದೇ ಮದ್ದು, ಒಂದೇ ತಳಮಳ. ಭಾಷೆ ಬಲ್ಲವಳು ರೋಗಿ, ಬಾರದವಳು ಹುಚ್ಚಿ!

ಮೈ ಕರಗಿಸುವ ಹೊಸ ಸೂಜಿಗಳ ವಿಷಯದಲ್ಲಿ ಸುಳ್ಳು ಗುಲ್ಲೆಬ್ಬಿಸುವುದು ನನ್ನ ಕೆಲಸವಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ, ಭೇದಿ ಅವುಗಳ ಸಾಮಾನ್ಯ ಉಪದ್ರವ. ಎದೆ ಬಡಿತದ ಲೆಕ್ಕ ಸ್ವಲ್ಪ ಏರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಕುಸಿದು ಗಾಬರಿ ಬರುವ ಸಂಭವ ಹೆಚ್ಚು. ಅವು ತಾವಾಗಿಯೇ ಮನಸ್ಸನ್ನು ಕೆಡಿಸುತ್ತವೆಯೇ ಎಂಬ ಪ್ರಶ್ನೆ ಎದ್ದಿತ್ತು. ಅದು ಎದ್ದ ಬಗೆಯನ್ನು ಮುಂದೆ ಹೇಳುತ್ತೇನೆ. ಅದರಲ್ಲೇ ನಮಗೆ ಪಾಠ ಇದೆ.

ಇವೆಲ್ಲ ಹೋಗಲಿ ಎಂದರೆ, ಶಹರದ ಜಿಮ್‌ಗಳಲ್ಲಿ ‘ಪೆಪ್ಟೈಡ್ ಥೆರಪಿ’ ಎಂಬ ಹೊಸ ಮೋಡಿ ಸುರುವಾಗಿದೆ. ಬಿಪಿಸಿ-157 ಎಂಬುದನ್ನು ಕೀಲುನೋವಿಗೆ, ಮಾಂಸಖಂಡಕ್ಕೆ ಎಂದು ಚುಚ್ಚಿಕೊಳ್ಳುತ್ತಾರೆ. ಅಮೆರಿಕದ ಔಷಧ ಇಲಾಖೆ ಅದಕ್ಕೆ ಮದ್ದು ಎಂಬ ಮಾನ್ಯತೆ ಕೊಟ್ಟಿಲ್ಲ. ಕ್ರೀಡಾಪಟುಗಳಿಗೆ 2022ರಿಂದ ಅದು ನಿಷಿದ್ಧ. ಇಂಥ ಸೀಸೆಗಳ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಸಾಲು ಇಂಗ್ಲಿಷಿನಲ್ಲಿ ಇರುವುದುಂಟು. ಜೀವ ಉಳಿಸಬಹುದಾದ ಒಂದೇ ಸಾಲು, ಅದೂ ತಿಳಿಯದ ಭಾಷೆಯಲ್ಲಿ! ಪೈಲ್ವಾನಕಿಯ ಹುಚ್ಚಿನ ನಮ್ಮ ಹುಡುಗರು ಅದನ್ನು ಕಂಪನಿಯ ಹೆಸರೆಂದೇ ತಿಳಿದಾರು.

40 ಮತ್ತು 100ರ ನಡುವೆ ಒಂದು ಜೀವ

ಇದು ಕಲ್ಪನೆಯ ಮಾತಲ್ಲ. ನನ್ನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನ ತಾಯಿಗೆ ಹಲವು ವರ್ಷದಿಂದ ಇನ್ಸುಲಿನ್. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಬಹುಪಾಲು 40ರದ್ದು, ಅಂದರೆ ಒಂದು ಮಿಲಿ ಲೀಟರಿನಲ್ಲಿ 40 ಯೂನಿಟ್. ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜು. 100ರದ್ದೂ ಬರುತ್ತದೆ. ಅದಕ್ಕೆ ಕಿತ್ತಳೆ ಟೊಪ್ಪಿಗೆಯ ಸಿರಿಂಜು. ಒಂದರ ಮದ್ದನ್ನು ಇನ್ನೊಂದರ ಸಿರಿಂಜಿನಲ್ಲಿ ಎಳೆದರೆ ಲೆಕ್ಕ ಬುಡಮೇಲು. ಕೆಂಪು ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಮಿಲಿ ಲೀಟರ್. 40ರ ಸೀಸೆಯಿಂದ ಎಳೆದರೆ ಅದು 20 ಯೂನಿಟ್. 100ರ ಸೀಸೆಯಿಂದ ಎಳೆದರೆ 50 ಯೂನಿಟ್, ಎರಡೂವರೆ ಪಟ್ಟು!

ಒಂದು ದಿನ ಮಾಮೂಲಿ ಅಂಗಡಿಯಲ್ಲಿ ಮಾಲು ಇರಲಿಲ್ಲ. ಬೇರೆ ಅಂಗಡಿಯವ ‘ಇದೂ ಅದ ಐತಿ, ತಗೊಂಡು ಹೋಗು’ ಎಂದು 100ರ ಸೀಸೆ ಕೊಟ್ಟ. ಹುಡುಗ ಏಳನೇ ಇಯತ್ತೆಯವರೆಗೆ ಓದಿದವ. ಮದುವೆ ಪತ್ರಿಕೆಯಲ್ಲಿ ನಾನು ಬಿಟ್ಟ ಕಾಗುಣಿತ ಹಿಡಿಯುವಷ್ಟು ಕನ್ನಡ ಬಲ್ಲ. ಡಬ್ಬಿಯ ಇಂಗ್ಲಿಷ್ ಅವನಿಗೆ ಕಪ್ಪು ಗೀಟು. ತಾಯಿ ರೂಢಿಯಂತೆ ಕೆಂಪು ಸಿರಿಂಜಿನಲ್ಲಿ ಎಳೆದುಕೊಂಡರು.

ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ನಡುಕ, ಗಾಬರಿ. ಮನೆಯವರು ‘ದೃಷ್ಟಿ ಆಗೈತಿ’ ಎಂದು ಉಪ್ಪು-ಮೆಣಸಿನಕಾಯಿ ಇಳಿ ತೆಗೆದರು. ಇನ್ನೊಬ್ಬರು ‘ಗಾಳಿ ಸೋಂಕೈತಿ’ ಎಂದರು. ಕಣ್ಣು ಮುಚ್ಚುವ ಹೊತ್ತಿಗೆ ಓಣಿಯ ಆಶಾ ಕಾರ್ಯಕರ್ತೆ ಓಡಿ ಬಂದಳು. ಇನ್ನೂ ಎಚ್ಚರ ಇರುವುದು ನೋಡಿ ಸಕ್ಕರೆ ನೀರು ಕುಡಿಸಿ, ಆಟೋದಲ್ಲಿ ಹಾಕಿ ದವಾಖಾನೆಗೆ ಸಾಗಿಸಿದಳು. ಆ ತಾಯಿ ಉಳಿದರು. ಉಳಿಸಿದ್ದು ಆ ಹೆಣ್ಣುಮಗಳ ಕನ್ನಡದ ನಾಲ್ಕು ಮಾತು. ಡಬ್ಬಿಯೊಳಗಿನ ಮೊಳದುದ್ದದ ಇಂಗ್ಲಿಷ್ ಅಲ್ಲ.

ಆ ಮನೆಯವರನ್ನು ಮೂಢರೆಂದು ನಗುವ ಶಾಣ್ಯಾರಿಗೆ ಒಂದು ಪ್ರಶ್ನೆ. ತಿಳಿವಳಿಕೆಯ ಬಾಗಿಲಿಗೆ ಬೀಗ ಜಡಿದವರು ಯಾರು? ಬೀಗ ಜಡಿದವನನ್ನು ಬಿಟ್ಟು, ಹೊರಗೆ ನಿಂತವನನ್ನು ಕುರುಡನೆನ್ನುವುದು ಯಾವ ನ್ಯಾಯ?

ನಾಲ್ಕು ಲಕ್ಷ ಜನರ ಭಾಷೆಗೆ ಇರುವ ಮರ್ಯಾದೆ

ಈಗ ಆ ಪಾಠ ಕೇಳಿ. ಐಸ್‌ಲ್ಯಾಂಡ್ ಎಂಬ ದೇಶ ಇದೆ. ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯೊಂದರಲ್ಲೇ 18 ಲಕ್ಷ 89 ಸಾವಿರ ಜನ ಇದ್ದರು. ಆ ಪುಟ್ಟ ದೇಶದಲ್ಲಿ ಮದ್ದಿನ ಚೀಟಿ ಅವರ ಭಾಷೆಯಲ್ಲೇ ಸಿಗುತ್ತದೆ. ಸೆಮಾಗ್ಲುಟೈಡ್ ಕುಲದ ಮದ್ದು ತೆಗೆದುಕೊಂಡ ಕೆಲವರಿಗೆ ಬದುಕೇ ಬೇಡ ಎಂಬ ಯೋಚನೆ ಬಂತೆಂದು ಅಲ್ಲಿ ವರದಿಯಾಯಿತು. ಅಲ್ಲಿನ ಔಷಧ ಇಲಾಖೆ ಯುರೋಪಿನ ಔಷಧ ಸಂಸ್ಥೆಗೆ ತಿಳಿಸಿತು. 2023ರ ಜುಲೈನಲ್ಲಿ ಇಡೀ ಯುರೋಪಿನಲ್ಲಿ ವಿಚಾರಣೆ ಸುರುವಾಯಿತು. ರಾಶಿ ಮಾಹಿತಿ ಜಾಲಾಡಿದ ಮೇಲೆ 2024ರ ಏಪ್ರಿಲ್‌ನಲ್ಲಿ ಆ ಸಂಸ್ಥೆ ಉತ್ತರ ಕೊಟ್ಟಿತು: ಮದ್ದೇ ಇದಕ್ಕೆ ಕಾರಣ ಎನ್ನಲು ಸಿಕ್ಕ ಪುರಾವೆ ಆಧಾರ ಕೊಡುವುದಿಲ್ಲ.

ನೋಡಿ, ಉತ್ತರ ಸಮಾಧಾನದ್ದೇ ಬಂತು. ಆದರೆ ಅದು ಬಂದದ್ದು ಯಾರೋ ಪ್ರಶ್ನೆ ಕೇಳಿದ್ದರಿಂದ. ನಾಲ್ಕು ಲಕ್ಷ ಜನರ ದೂರಿಗೆ ಇಡೀ ಯುರೋಪು ಎದ್ದು ಕೂತಿತು. ಸುಮಾರು 13 ಲಕ್ಷ ಜನರ ಎಸ್ಟೋನಿಯಾ ದೇಶಕ್ಕೂ ಅದರ ಭಾಷೆಯಲ್ಲಿ ಚೀಟಿ ಕೊಡಲೇಬೇಕೆಂದು ಯುರೋಪ್ ಒಕ್ಕೂಟದ 2001ರ ಔಷಧ ನಿರ್ದೇಶನ ಹೇಳುತ್ತದೆ. ಡಬ್ಬಿಯ ಮೇಲೆ ಕುರುಡರಿಗಾಗಿ ಬ್ರೈಲ್ ಉಬ್ಬಚ್ಚು ಕೂಡ ಇರಬೇಕು. ಅಲ್ಲಿ ಕಣ್ಣಿಲ್ಲದವರಿಗೂ ಓದುವ ಹಕ್ಕು. ಇಲ್ಲಿ ಕಣ್ಣಿದ್ದ ಕನ್ನಡಿಗನೂ ಕುರುಡ. 2011ರ ಲೆಕ್ಕದಲ್ಲಿ 4 ಕೋಟಿ 37 ಲಕ್ಷ ಜನರ ತಾಯ್ನುಡಿ ಕನ್ನಡ!

ನಮ್ಮಲ್ಲೂ ದೂರು ಕೊಡುವ ವ್ಯವಸ್ಥೆ ಇಲ್ಲದಿಲ್ಲ. 2010ರಿಂದ ಔಷಧ ಜಾಗೃತಿಯ ರಾಷ್ಟ್ರೀಯ ಕಾರ್ಯಕ್ರಮ ನಡೆದಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ಕೇಂದ್ರ. ಅಡ್ಡ ಪರಿಣಾಮ ಆದವರು ತಾವೇ ತುಂಬಬಹುದಾದ ಅರ್ಜಿ ಇದೆ, ಅದು ಕನ್ನಡದಲ್ಲೂ ಇದೆ! 1800-180-3024 ಎಂಬ ಪುಕ್ಕಟೆ ಫೋನ್ ನಂಬರೂ ಇದೆ. ಈಗ ಈ ತಮಾಷೆ ನೋಡಿ: ಯಾವುದು ಅಡ್ಡ ಪರಿಣಾಮ ಎಂದು ತಿಳಿಸುವ ಚೀಟಿ ಇಂಗ್ಲಿಷಿನಲ್ಲಿ, ಅಡ್ಡ ಪರಿಣಾಮ ಆಗಿದೆ ಎಂದು ದೂರುವ ಅರ್ಜಿ ಕನ್ನಡದಲ್ಲಿ. ಕಳ್ಳನ ಮುಖ ತೋರಿಸದೆ ಪೊಲೀಸ್ ಠಾಣೆಯ ದಾರಿ ತೋರಿಸಿದ ಹಾಗೆ!

ಐದು ಪೊಳ್ಳು ನೆಪಗಳು

ಮೊದಲ ನೆಪ: ಕನ್ನಡದಲ್ಲಿ ಶಬ್ದ ಇಲ್ಲವಂತೆ. ಹನ್ನೆರಡನೇ ಶತಮಾನದಲ್ಲಿ ಶರಣರು ದೇವರ ವಿಚಾರವನ್ನೇ ಆಡುಮಾತಿನ ಕನ್ನಡಕ್ಕೆ ತಂದರು. ಬಸವಣ್ಣನವರು ಐಕ್ಯವಾದ ಕೂಡಲಸಂಗಮ ನಮ್ಮ ಹುನಗುಂದ ಸೀಮೆಯಲ್ಲೇ ಇದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದ್ದು. ಬಂಡೆಯ ಮೇಲೆ ಕನ್ನಡ ತ್ರಿಪದಿ ಕೊರೆದ ನಾಡಿಗೆ, ಎದೆ ಢವಢವ ಎನ್ನುವುದನ್ನು ಬರೆಯಲು ಶಬ್ದ ಇಲ್ಲವೇ? ಗಾಬರಿ, ತಳಮಳ, ಕಳವಳ, ದಿಗಿಲು, ಚಡಪಡಿಕೆ, ಸಂಕಟ, ಹೊಯ್ದಾಟ. ಇಂಗ್ಲಿಷಿನ ಒಂದು ಶಬ್ದದ ಎದುರಿಗೆ ಏಳು ಎಣಿಸಿದೆ, ಇನ್ನೂ ಬೇಕೇ? ಕಂಪ್ಯೂಟರಿಗೆ ಹಾಕಿ ತಿರುಗಿಸಿದ ‘ಪ್ರತಿಕೂಲ ಮನೋದೈಹಿಕ ಘಟನಾವಳಿ’ ನಮಗೆ ಬೇಡ. ನಮ್ಮ ಅಜ್ಜಿಗೆ ತಿಳಿಯುವ ಕನ್ನಡ ಬೇಕು.

ಎರಡನೇ ನೆಪ: ಡಬ್ಬಿಯಲ್ಲಿ ಜಾಗ ಇಲ್ಲವಂತೆ. ನಾನು ಹೊಟ್ಟೆ ಹೊರೆಯುವುದೇ ಅಚ್ಚಿನ ಕೆಲಸದಿಂದ, ನನಗೆ ಈ ಕಥೆ ಹೇಳಬೇಡಿ. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲಿನ ನಡುವೆ ಸ್ವಲ್ಪ ಹೆಚ್ಚು ಜಾಗ ಬೇಕು, ಅಕ್ಷರ ಎಂಟು ಪಾಯಿಂಟಿಗಿಂತ ಸಣ್ಣದಾದರೆ ಒತ್ತು ಮುಚ್ಚಿಹೋಗುತ್ತದೆ. ನಿಜ. ಆದರೆ ರೋಗಿಗೆ ಬೇಕಾದ್ದು ಡಾಕ್ಟರರ ಗ್ರಂಥವಲ್ಲ. ಹೇಗೆ ಚುಚ್ಚಬೇಕು, ಎಲ್ಲಿಡಬೇಕು, ಯಾವ ಲಕ್ಷಣ ಕಂಡರೆ ಏನು ಮಾಡಬೇಕು, ಯಾವಾಗ ದವಾಖಾನೆಗೆ ಓಡಬೇಕು. ಡೆಮಿ ಒಂದೆಂಟರ ಹಾಳೆಯ ಎರಡು ಮಗ್ಗುಲು ಸಾಕು. ನಾಲ್ಕು ಮಡಿಕೆ ಹಾಕಿದರೆ ಬೀಡಿ ಕಟ್ಟಿಗಿಂತ ಚಿಕ್ಕದು.

ಮೂರನೇ ನೆಪ: ಖರ್ಚು. ಲಕ್ಷಗಟ್ಟಲೆ ಪ್ರತಿ ಹಾಕಿದರೆ ಒಂದೇ ಬಣ್ಣದ ಇಂಥ ಚೀಟಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಜಾತ್ರೆಯ ಕರಪತ್ರಕ್ಕೆ ನಮ್ಮ ಬಡ ಕಮಿಟಿಯವರು ಮಾಡುವ ಖರ್ಚು ಅದು. ಸೀಸೆಗೆ 3,500 ರೂಪಾಯಿ ಬೆಲೆ ಕಟ್ಟಿದ್ದ ಉದ್ಯಮಕ್ಕೆ ಒಂದು ರೂಪಾಯಿಯ ಕನ್ನಡ ಭಾರವೇ? ನಾಚಿಕೆಯಾಗಬೇಕು!

ನಾಲ್ಕನೇ ನೆಪ: ಅಡ್ಡ ಪರಿಣಾಮ ಓದಿದರೆ ಜನ ಹೆದರಿ ಮದ್ದು ಬಿಡುತ್ತಾರಂತೆ. ಇದರಲ್ಲಿ ಒಂದು ಎಳೆ ಸತ್ಯ ಇದೆ. ಪಟ್ಟಿ ಓದಿದವರಿಗೆ ಇಲ್ಲದ ಲಕ್ಷಣವೂ ಕಂಡಂತಾಗುವುದುಂಟು. ಅದಕ್ಕೆ ಮದ್ದು ಮುಚ್ಚಿಡುವುದಲ್ಲ, ಸರಿಯಾಗಿ ಹೇಳುವುದು. ಯಾವುದು ಬಹಳ ಜನರಿಗೆ ಆಗುತ್ತದೆ, ಯಾವುದು ಅಪರೂಪ, ಯಾವುದಕ್ಕೆ ಹೆದರಬೇಕಿಲ್ಲ ಎಂದು ಬಿಡಿಸಿ ಬರೆಯಿರಿ. ಹೆದರಿ ಬಿಡುವವರಂತೆ, ತಿಳಿಯದೆ ಬಿಡುವವರೂ ಇದ್ದಾರೆ. ಗಾಬರಿಯಾದ ಕೂಡಲೇ ‘ಈ ಸೂಜಿ ನನಗ ಆಗಿಬರೂದಿಲ್ಲ’ ಎಂದು ಇನ್ಸುಲಿನ್ ಒಗೆದು, ನಾಟಿ ಬೇರಿನ ಹಿಂದೆ ಹೋದವರು ನಮ್ಮ ಊರೂರಲ್ಲಿ ಇದ್ದಾರೆ. ಕಾರಣ ತಿಳಿದಿದ್ದರೆ ಪ್ರಮಾಣ ಸರಿ ಮಾಡಿಸಿಕೊಂಡು ಮುಂದುವರಿಸುತ್ತಿದ್ದರು. ಮತ್ತೆ, ಇಂಗ್ಲಿಷ್ ಬಲ್ಲವರು ಓದಿದರೆ ಹೆದರುವುದಿಲ್ಲವೇ? ಎಂಟೆದೆ ಅವರಿಗೆ ಮಾತ್ರ ಇದೆಯೇ?

ಐದನೇ ನೆಪ: ಡಾಕ್ಟರು ಹೇಳುತ್ತಾರಲ್ಲ! ಯಾವಾಗ ಹೇಳುತ್ತಾರೆ? ಹೊರಗೆ ನೂರು ಮಂದಿ ಪಾಳಿ ಹಚ್ಚಿದಾಗ ಒಬ್ಬೊಬ್ಬರಿಗೆ ಎಷ್ಟು ನಿಮಿಷ? ಅದೂ ನಮ್ಮ ಸೀಮೆಯ ಮಂದಿ ದೊಡ್ಡ ಜಡ್ಡಿಗೆ ಮಿರಜ, ಸೊಲ್ಲಾಪುರಕ್ಕೆ ಹೋಗುವ ರೂಢಿ. ಅಲ್ಲಿ ಡಾಕ್ಟರು ಮರಾಠಿ, ಚೀಟಿ ಇಂಗ್ಲಿಷ್, ರೋಗಿ ಕನ್ನಡ. 2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲೇ ಔಷಧ ಚೀಟಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಬರೆದೂ ತೋರಿಸಿದರು. ಅವರಿಗೆ ಶರಣು. ಆದರೆ ಡಾಕ್ಟರ ಚೀಟಿ ಹೇಳುವುದು ಮದ್ದಿನ ಹೆಸರು, ಹೊತ್ತು, ಲೆಕ್ಕ. ರಾತ್ರಿ ಎರಡು ಗಂಟೆಗೆ ಜೀವ ಗಾಬರಿಯಾದಾಗ ಕೈಗೆ ಸಿಗುವುದು ಡಬ್ಬಿ, ಡಾಕ್ಟರಲ್ಲ.

ಕಾನೂನಿನ ಕಿಂಡಿಗಳು

‘ಇದು ದಿಲ್ಲಿಯ ಕೈಯಲ್ಲಿದೆ’ ಎಂದು ಬೆಂಗಳೂರಿನ ದೊರೆಗಳು ಕೈ ತೊಳೆದುಕೊಳ್ಳಬಹುದು. ಬಿಡಬೇಡಿ. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಔಷಧ ಮತ್ತು ವಿಷ ಎಂಬ ವಿಷಯ ಸಮವರ್ತಿ ಪಟ್ಟಿಯ 19ನೇ ನಮೂದು. ಅಂದರೆ ಕೇಂದ್ರಕ್ಕೂ ಅಧಿಕಾರ, ರಾಜ್ಯಕ್ಕೂ ಅಧಿಕಾರ. ದಿಲ್ಲಿಯವರ ಮನಸ್ಸು ಎಂಥದೆಂದು ಗೊತ್ತೇ ಇದೆ. 2011ರ ಪೊಟ್ಟಣ ಸರಕುಗಳ ನಿಯಮದಲ್ಲಿ ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಲಿ ಎಂದು ಬರೆದರು. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಎಂಬ ಭಿಕ್ಷೆ ಬೇರೆ! 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡಿನ ಮದ್ದುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದರು. ಕಂಪನಿಯ ಹೆಸರು, ಬ್ಯಾಚ್ ನಂಬರು, ಮುಗಿಯುವ ತಾರೀಖು, ಲೈಸೆನ್ಸ್ ನಂಬರು ಎಲ್ಲ ಅದರಲ್ಲಿ ಬೇಕು. ರೋಗಿಯ ಭಾಷೆಯಲ್ಲಿ ಬಳಕೆಯ ವಿವರ ಬೇಕೆಂದು ಮಾತ್ರ ಹೇಳಲಿಲ್ಲ. ಅಂದರೆ ಯಂತ್ರ ಇದೆ, ಮನಸ್ಸಿಲ್ಲ.

ರಾಜ್ಯದ ಕೈಯಲ್ಲಿ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇದೆ. ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ಆದೇಶವಾಗಿಯೂ ಹೊರಡಿಸಿತು. ನಮ್ಮ ನೆಲದಲ್ಲಿ, ನಮ್ಮ ನೀರಿನಲ್ಲಿ ತಯಾರಾಗುವ ಮದ್ದು ಸರಕಲ್ಲವೇ? ಬಿಸ್ಕತ್ತಿಗೊಂದು ನ್ಯಾಯ, ಇನ್ಸುಲಿನ್ನಿಗೊಂದು ನ್ಯಾಯವೇ?

ಇನ್ನೊಂದು ಕಿಂಡಿ ಇದಕ್ಕಿಂತ ಸಲೀಸು. ಸರ್ಕಾರಿ ದವಾಖಾನೆಗಳಿಗೆ ಮದ್ದು ಖರೀದಿಸುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಸರ್ಕಾರಿ ಮಾಲಿನ ಮೇಲೆ ‘ಮಾರಾಟಕ್ಕಲ್ಲ’ ಎಂದು ಅಚ್ಚು ಹಾಕಿ ಕೊಡುವ ಕಂಪನಿಗಳು, ಟೆಂಡರಿನಲ್ಲಿ ಒಂದು ಷರತ್ತು ಹಾಕಿದರೆ ಕನ್ನಡ ಚೀಟಿ ಇಟ್ಟು ಕೊಡುವುದಿಲ್ಲವೇ? ದುಡ್ಡು ಕೊಡುವವರು ನಾವು, ಕೇಳುವ ಬಾಯಿ ಬೇಕಷ್ಟೇ. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಫಲಕದಿಂದ ಡಬ್ಬಿಯೊಳಕ್ಕೆ

ಅಂಗಡಿ ಫಲಕದಲ್ಲಿ ಶೇಕಡಾ 60 ಕನ್ನಡ ಬೇಕೆಂದು 2023ರ ಡಿಸೆಂಬರ್‌ನಲ್ಲಿ ಕಾರ್ಯಕರ್ತರು ಬೀದಿಗಿಳಿದರು, ಲಾಠಿ-ಜೈಲು ಕಂಡರು. 2024ರಲ್ಲಿ ತಿದ್ದುಪಡಿ ಬಂತು. ದೊಡ್ಡ ಗೆಲುವು. ಈಗ ಔಷಧ ಅಂಗಡಿಯ ಫಲಕದಲ್ಲಿ 60 ಪಾಲು ಕನ್ನಡ, ಒಳಗಿನ ಮದ್ದಿನಲ್ಲಿ ಸೊನ್ನೆ. ಬಾಗಿಲಿಗೆ ತೋರಣ, ಒಳಗೆ ಉಪವಾಸ! 1982ರ ಗೋಕಾಕ್ ಚಳವಳಿ ಶಾಲೆಯ ಕನ್ನಡಕ್ಕಾಗಿ ನಡೆಯಿತು, ಫಲಕದ ಹೋರಾಟ ಬೀದಿಯ ಕನ್ನಡಕ್ಕಾಗಿ. ಇನ್ನು ಹೋರಾಟ ಜೀವದ ಕನ್ನಡಕ್ಕಾಗಿ ಆಗಲಿ. ನಮ್ಮ ಹಕ್ಕೊತ್ತಾಯಗಳು ಇವು:

1. ಕರ್ನಾಟಕದಲ್ಲಿ ಮಾರುವ ಇನ್ಸುಲಿನ್ ಮತ್ತು ರೋಗಿ ತಾನೇ ಚುಚ್ಚಿಕೊಳ್ಳುವ ಎಲ್ಲ ಮದ್ದುಗಳಲ್ಲಿ ಕನ್ನಡ ಚೀಟಿ ಕಡ್ಡಾಯವಾಗಲಿ. ಅಲ್ಲಿಂದ ಸುರು ಮಾಡಿ ಉಳಿದ ಮದ್ದುಗಳಿಗೂ ಹಬ್ಬಿಸಲಿ.

2. ಸರಬರಾಜು ನಿಗಮದ ಮುಂದಿನ ಟೆಂಡರಿನಲ್ಲೇ ಈ ಷರತ್ತು ಬರಲಿ.

3. 40 ಮತ್ತು 100ರ ಇನ್ಸುಲಿನ್ ಡಬ್ಬಿಯ ಮೇಲೆ ಯಾವ ಬಣ್ಣದ ಸಿರಿಂಜು ಎಂಬುದು ದೊಡ್ಡ ಕನ್ನಡ ಅಕ್ಷರದಲ್ಲಿ, ಕನ್ನಡ ಅಂಕಿಯ ಸಮೇತ ಅಚ್ಚಾಗಲಿ.

4. ಚೀಟಿಯ ಕನ್ನಡವನ್ನು ವೈದ್ಯರು, ಆಶಾ ಕಾರ್ಯಕರ್ತೆಯರು, ಕನ್ನಡ ಮೇಷ್ಟ್ರು ಕೂಡಿ ಬರೆಯಲಿ. ಅಚ್ಚಿಗೆ ಹೋಗುವ ಮುನ್ನ ಹತ್ತು ಜನ ರೋಗಿಗಳ ಮುಂದೆ ಓದಿ, ತಿಳಿಯಿತೇ ಎಂದು ಕೇಳಲಿ.

5. ಅಡ್ಡ ಪರಿಣಾಮದ ಕನ್ನಡ ಅರ್ಜಿಯೂ ಫೋನ್ ನಂಬರೂ ಪ್ರತಿ ಔಷಧ ಅಂಗಡಿಯ ಗಲ್ಲೆಯ ಮುಂದೆ ನೇತಾಡಲಿ.

ಸರ್ಕಾರ ಏಳುವವರೆಗೆ ಕೂತರೆ ಕೆಲಸ ಆಗದು. ಪ್ರತಿ ಸಂಘದವರು ತಮ್ಮ ಊರಿನ ಔಷಧ ಅಂಗಡಿಗೆ ಹೋಗಿ, ಜಗಳಕ್ಕಲ್ಲ, ಕೆಳಗಿನ ನಾಲ್ಕು ಸಾಲು ಬರೆದ ಹಾಳೆ ಅಂಟಿಸಿ ಬನ್ನಿ. ಊರಿನ ಡಾಕ್ಟರಿಗೆ ತೋರಿಸಿಯೇ ಅಂಟಿಸಿ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಎದೆ ಢವಢವ, ಹಸಿವು, ಗಾಬರಿ ಬಂದರೆ ಸಕ್ಕರೆ ಕುಸಿದಿರಬಹುದು.

ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಸಕ್ಕರೆ ಪರೀಕ್ಷಿಸಿ. ಕಡಿಮೆಯೇ ಇದ್ದರೆ ಮತ್ತೊಮ್ಮೆ ಕುಡಿಯಿರಿ, ಆಮೇಲೆ ಊಟ ಮಾಡಿ.

ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ದವಾಖಾನೆಗೆ ಸಾಗಿಸಿ.

ಯಾವ ಮದ್ದನ್ನೂ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಗಾಬರಿ, ತಳಮಳ, ಬದುಕು ಬೇಡ ಎಂಬ ಯೋಚನೆ ಬಂದರೆ ನಾಚದೆ ಡಾಕ್ಟರಿಗೆ ಹೇಳಿ.

ನಾಲ್ಕೇ ನಾಲ್ಕು ಸಾಲು. ಇದಕ್ಕೆ ಯಾವ ಇಂಗ್ಲಿಷ್ ಬೇಕಾಯಿತು? ಯಾವ ದಿಲ್ಲಿ ಬೇಕಾಯಿತು? ಇಷ್ಟನ್ನು ಡಬ್ಬಿಯೊಳಗೆ ಇಡಲು ಇವರಿಗೆ ಬಂದಿರುವ ರೋಗವಾದರೂ ಏನು?

ಕನ್ನಡಿಗರೇ, ತಾಯಿನುಡಿ ಹಬ್ಬದ ಮೆರವಣಿಗೆಗೆ ಮಾತ್ರ ಇರುವ ಭುವನೇಶ್ವರಿಯ ಪಟವಲ್ಲ. ನಡುರಾತ್ರಿ ಗಾಬರಿಯಾದಾಗ ಕೈ ಹಿಡಿದು ‘ಹೆದರಬ್ಯಾಡ, ಸಕ್ಕರಿ ತಿನ್ನು’ ಎಂದು ಹೇಳುವ ದನಿ. ಆ ದನಿಯನ್ನು ಡಬ್ಬಿಯೊಳಗೆ ಇಡಿಸುವವರೆಗೆ ವಿಶ್ರಮಿಸುವುದು ಬೇಡ. ಮದ್ದು ಮಾರುವವರೇ, ನಮ್ಮ ದುಡ್ಡು ಬೇಕಾದರೆ ನಮ್ಮ ನುಡಿಯಲ್ಲಿ ಹೇಳಿ ಮಾರಿ!

ಸಿರಿಗನ್ನಡಂ ಗೆಲ್ಗೆ!